ನಾಯಿಗೆ ಇಡುವ ವಿಷ ಮತ್ತು ನಮ್ಮ ದಾಕ್ಷಿಣ್ಯ

ಕೆಲವು ವರ್ಷಗಳ ಹಿಂದೆ ಪರಿಚಯದ ಹಿರಿಯರೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದು, ಶುದ್ಧಿ ಮಾಡದ ಕಾಸರಕದ ಬೀಜ ಸಿಗುವುದೇ ಎಂದು ವಿಚಾರಿಸಿದರು. ಓಣಿಯ ನಾಯಿಗಳು ರಾತ್ರಿಯಿಡೀ ನಿದ್ದೆಗೆಡಿಸುತ್ತವೆ, ಮೊಮ್ಮಗನನ್ನು ಬೆನ್ನಟ್ಟಿದವು ಎಂಬುದು ಅವರ ದೂರು. ನಾವು ಕೊಡಲಿಲ್ಲ. ಎಂಟು ದಿನಗಳೊಳಗೆ ಆ ಓಣಿಯಲ್ಲಿ ನಾಲ್ಕು ನಾಯಿಗಳು ನೊರೆ ಕಾರಿ ಸತ್ತವು. ಯಾವ ವಿಷವೆಂದು ಯಾರೂ ಪರೀಕ್ಷಿಸಲಿಲ್ಲ. ಹೊತ್ತೇರುವ ಮುನ್ನ ಕಸದ ಟ್ರ್ಯಾಕ್ಟರು ಅವುಗಳನ್ನು ಒಯ್ದಿತ್ತು. ಸಂದೇಹವಿದ್ದರೂ ನಾವು ಠಾಣೆಗೆ ಹೋಗಲಿಲ್ಲ. ಒಂದೇ ಮಠದ ಭಕ್ತರು, ದಿನವೂ ಮುಖ ನೋಡುವವರು ಎಂಬ ದಾಕ್ಷಿಣ್ಯ ಅಡ್ಡಬಂದಿತು. ಅದು ತಪ್ಪೆಂದು ಇಂದು ಬರೆಯುತ್ತಿದ್ದೇವೆ.

ಕಾಸರಕವನ್ನು ಆಯುರ್ವೇದವು ಕುಪೀಲು, ವಿಷಮುಷ್ಟಿ ಎಂದು ಕರೆಯುತ್ತದೆ. ವಿಧಿಯಂತೆ ಶೋಧನೆಗೊಂಡರೆ ಅದು ವಾತರೋಗಗಳಿಗೆ ಔಷಧ, ಇಲ್ಲವಾದರೆ ಮೃತ್ಯು. ಅದರಲ್ಲಿರುವ ಸ್ಟ್ರಿಕ್ನಿನ್ ದೇಹವನ್ನು ಬಿಲ್ಲಿನಂತೆ ಸೆಟೆಸುತ್ತದೆಯೇ ಹೊರತು ಪ್ರಜ್ಞೆಯನ್ನು ಮಂಕುಗೊಳಿಸುವುದಿಲ್ಲ. ಸಾಯುವ ಪ್ರಾಣಿಯು ತನ್ನ ನೋವನ್ನೆಲ್ಲ ಅರಿಯುತ್ತಲೇ ಸಾಯುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಬೀದಿನಾಯಿಗಳಿಗೆ ಸ್ಟ್ರಿಕ್ನಿನ್ ಚುಚ್ಚಿ ಕೊಲ್ಲುವುದನ್ನು ಹೆಸರು ಹೇಳಿಯೇ ಅಪರಾಧವೆಂದು ಸಾರಿದೆ. ಈಗಂತೂ ವಿಷಕ್ಕಾಗಿ ವೈದ್ಯರ ಬಳಿಗೆ ಹೋಗಬೇಕಾಗಿಲ್ಲ. ಕಬ್ಬಿಗೆಂದು ತಂದ ಕೀಟನಾಶಕ ಮನೆಯ ಪಡಸಾಲೆಯಲ್ಲಿಯೇ ಇರುತ್ತದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ನಮಗೆ ನಾಯಿ ಪರಕೀಯವಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ಸೇನೆಯನ್ನೂ ಸೇರಿದ ಮುಧೋಳ ತಳಿ ನಮ್ಮ ನೆಲದ್ದು. ಬದುವಿನ ಮೇಲಿಟ್ಟ ವಿಷದ ತುಣುಕನ್ನು ಕುರುಬರ ಕಾವಲು ನಾಯಿಯೂ ತಿಂದೀತು, ಕಾಗೆಯೂ ಕಚ್ಚಿಕೊಂಡು ಹೋದೀತು. ಆಡುವ ಕೂಸಿನ ಕೈಗೆ ಸಿಕ್ಕರೆ ಗತಿಯೇನು?

ಕಾನೂನು ಮೊದಲಿಗಿಂತ ಬಲವಾಗಿದೆ. 1960ರ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ ದಂಡ ಕೇವಲ 10ರಿಂದ 50 ರೂಪಾಯಿ. ಇಂದು ನಾಲ್ಕು ಮಂದಿಯ ಚಹಾಕ್ಕೂ ಅಷ್ಟಾಗುತ್ತದೆ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಂತೆ ಪ್ರಾಣಿಯನ್ನು ಕೊಲ್ಲುವುದಕ್ಕೆ, ವಿಷವಿಕ್ಕುವುದಕ್ಕೆ ಐದು ವರ್ಷಗಳವರೆಗೆ ಸೆರೆವಾಸವಿದೆ. ಹಳೆಯ ದಂಡಸಂಹಿತೆಯು ಪ್ರಾಣಿಯ ಬೆಲೆ ಹತ್ತು ರೂಪಾಯಿಯೋ ಐವತ್ತೋ ಎಂದು ಎಣಿಸುತ್ತಿತ್ತು. ಆ ಲೆಕ್ಕ ಈಗಿಲ್ಲ.

ಪೊಲೀಸರು ಏನೂ ಮಾಡುವುದಿಲ್ಲವೆಂದು ದೂರುವವರು 2021ರ ಸೆಪ್ಟೆಂಬರಿನಲ್ಲಿ ಭದ್ರಾವತಿ ತಾಲ್ಲೂಕಿನ ಕಂಬದಾಳು-ಹೊಸೂರಿನಲ್ಲಿ ನಡೆದುದನ್ನು ನೆನೆಯಬೇಕು. ಅಲ್ಲಿ ನೂರರ ಆಸುಪಾಸು ನಾಯಿಗಳನ್ನು ಕೊಂದು ಹೂಳಲಾಗಿತ್ತು. ಪ್ರಾಣಿಪ್ರಿಯರು ದೂರು ಕೊಟ್ಟದ್ದರಿಂದ ಪ್ರಕರಣ ದಾಖಲಾಗಿ ತನಿಖೆ ನಡೆಯಿತು. ದೂರೇ ಇಲ್ಲದಿದ್ದರೆ, ಕಳೇಬರವೇ ಇಲ್ಲದಿದ್ದರೆ ಪೊಲೀಸರಾದರೂ ಏನನ್ನು ಹಿಡಿದು ತನಿಖೆ ಮಾಡಬೇಕು? ಆದುದರಿಂದ ಸತ್ತ ನಾಯಿಯನ್ನು ಅವಸರದಲ್ಲಿ ಹೂಳಬೇಡಿರಿ, ಬರಿಗೈಯಿಂದ ಮುಟ್ಟಲೂಬೇಡಿರಿ. ಫೋಟೊ ತೆಗೆದು 112ಕ್ಕೆ ತಿಳಿಸಿರಿ. ಉಳಿದ ರೊಟ್ಟಿಯ ತುಣುಕು, ಮಾಂಸ, ವಾಂತಿ ಇವೆಲ್ಲ ಸಾಕ್ಷ್ಯವೆಂದು ಪೊಲೀಸರಿಗೆ ತೋರಿಸಿರಿ. ಪಶುವೈದ್ಯರ ಶವಪರೀಕ್ಷೆಯಾಗಿ, ಒಳಾಂಗಗಳ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದರೆ ಮಾತ್ರ ವಿಷದ ಹೆಸರು ಹೊರಬರುತ್ತದೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಬರೆದು ಅಂಚೆಯಲ್ಲಿ ಕಳುಹಿಸುವ ಹಕ್ಕು ನಮಗಿದೆ.

ಹಾಗಾದರೆ ಕಚ್ಚುವ ನಾಯಿಗಳನ್ನು ಸಹಿಸಿಕೊಂಡಿರಬೇಕೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ; ಆ ಹಿರಿಯರ ಭಯವೂ ಸುಳ್ಳಾಗಿರಲಿಲ್ಲ. ಸಂತಾನಶಕ್ತಿಹರಣ ಮತ್ತು ಲಸಿಕೆ ನಗರಸಭೆ, ಪುರಸಭೆ, ಪಂಚಾಯಿತಿಗಳ ಹೊಣೆ. ಅದಕ್ಕಾಗಿ ಓಣಿಯವರೆಲ್ಲ ಸಹಿ ಹಾಕಿ ಅರ್ಜಿ ಕೊಡಬೇಕು, ಕೊಟ್ಟು ಬೆನ್ನುಹತ್ತಬೇಕು. ವಿಷವಾದರೋ ಲಸಿಕೆ ಹಾಕಿಸಿಕೊಂಡ ನಾಯಿಯನ್ನೂ ಕೊಲ್ಲುತ್ತದೆ. ನಾವು ಹೇಳಿದ ಓಣಿಯಲ್ಲಿ ವರ್ಷ ತುಂಬುವುದರೊಳಗೆ ಬೇರೆ ನಾಯಿಗಳು ಬಂದು ಸೇರಿದವು. ಅವುಗಳಿಗೆ ಲಸಿಕೆ ಆಗಿದೆಯೋ ಇಲ್ಲವೋ ಬಲ್ಲವರಿಲ್ಲ.

ಆಯುರ್ವೇದ ವೈದ್ಯರಾಗಿ ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇವೆ. ಹುಚ್ಚುನಾಯಿಯ ವಿಷವನ್ನು ಸುಶ್ರುತರು ವಿವರವಾಗಿ ಬಣ್ಣಿಸಿದ್ದಾರೆ. ನೀರು ಕಂಡು ಬೆದರುವ ರೋಗಿ ಬದುಕುವುದಿಲ್ಲವೆಂದೂ ತಿಳಿಸಿದ್ದಾರೆ. ಆದುದರಿಂದ ನಾಯಿ ಕಚ್ಚಿದಾಗ ಸೊಪ್ಪು, ಸುಣ್ಣ, ಖಾರದ ಪುಡಿ ಏನನ್ನೂ ಮೆತ್ತದೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ಗಾಯವನ್ನು ತೊಳೆಯಿರಿ. ಅಲ್ಲಿಂದ ನಮ್ಮ ಬಳಿಗೆ ಬಾರದೆ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿರಿ. ಕೊಟ್ಟ ದಿನಾಂಕಗಳಲ್ಲಿ ಒಂದನ್ನೂ ತಪ್ಪಿಸಬೇಡಿರಿ.