ಜೋಳಿಗೆಗೆ ಬಿದ್ದದ್ದು ಎಲ್ಲಿಗೆ ಹೋಯಿತು?

ನೀಡುವ ಕೈ ಮೇಲೆ, ಬೇಡುವ ಕೈ ಕೆಳಗೆ ಎಂಬುದು ಲೋಕದ ಮಾತು. ಹಾಗಾದರೆ ಮನೆಮಾರು, ಬಂಧುಬಳಗ ಎಲ್ಲವನ್ನೂ ತೊರೆದ ಸನ್ಯಾಸಿಯು ಬಾಗಿಲಿಗೆ ಬಂದು ಬೇಡುವುದೇಕೆ? ಅವನನ್ನು ಭಿಕ್ಷು ಎನ್ನಬೇಕೋ, ಭಿಕಾರಿ ಎನ್ನಬೇಕೋ? ಚೀನಾ ದೇಶದ ಜನರು ಈ ಪ್ರಶ್ನೆಯನ್ನು ಶತಮಾನಗಳ ಕಾಲ ಕೇಳುತ್ತ ಬಂದರು. ಅಲ್ಲಿ ದೊರೆತ ಉತ್ತರಗಳು ನಾವೂ ಮನನ ಮಾಡತಕ್ಕವು.

ಭಿಕ್ಷು ಎಂಬ ಶಬ್ದವೇ ಭಾರತದಿಂದ ಬೌದ್ಧಧರ್ಮದ ಜೊತೆಗೆ ಚೀನಾಕ್ಕೆ ಹೋಯಿತು. ಅಲ್ಲಿಯ ನಾಲಿಗೆಯಲ್ಲಿ ಅದು 'ಬಿಚಿಯು' ಆಯಿತು. ಶಬ್ದಕ್ಕೆ ಸಿಕ್ಕ ಸ್ವಾಗತ ಆಚರಣೆಗೆ ಸಿಗಲಿಲ್ಲ. ಹೊಲ ಉಳಬೇಕು, ತಂದೆತಾಯಿಗಳ ಸೇವೆ ಮಾಡಬೇಕು, ಪಿತೃಗಳಿಗೆ ಎಡೆ ಇಡಲು ಮಕ್ಕಳನ್ನು ಪಡೆಯಬೇಕು ಎಂಬುದು ಆ ನಾಡಿನ ಧರ್ಮ. ಉಳದೆ ಉಣ್ಣುವವನು, ನೇಯದೆ ಉಡುವವನು, ಹೆತ್ತವರನ್ನು ಬಿಟ್ಟು ಬಂದವನು ಎಂಥ ಸಾಧು ಎಂದು ಪಂಡಿತರು ಹಳಿದರು. ಕಾಲಕ್ರಮದಲ್ಲಿ ವಿಹಾರಗಳಿಗೆ ಭೂಮಿಕಾಣಿ ಸೇರಿತು, ಕಂದಾಯದ ವಿನಾಯಿತಿಯೂ ದೊರೆಯಿತು. ಭಿಕ್ಷಾಪಾತ್ರೆಯು ಕಣಜವಾದಾಗ ಅರಸರ ಕಣ್ಣು ಬೀಳದೆ ಇದ್ದೀತೆ? 845ರಲ್ಲಿ ವೂಜೊಂಗ್ ಚಕ್ರವರ್ತಿಯು 4,600ಕ್ಕೂ ಹೆಚ್ಚು ವಿಹಾರಗಳನ್ನು ಕೆಡವಿಸಿ, 2,60,500 ಭಿಕ್ಷು-ಭಿಕ್ಷುಣಿಯರನ್ನು ಸಂಸಾರಕ್ಕೆ ಮರಳಿಸಿದನೆಂದು ಅಂದಿನ ರಾಜಾಜ್ಞೆಯೇ ಹೇಳುತ್ತದೆ. ಅರಸನಿಗೆ ತನ್ನ ದಾವೊ ಮತದ ಅಭಿಮಾನವೂ ಇತ್ತು, ಬೊಕ್ಕಸದ ಆಸೆಯೂ ಇತ್ತು. ಆದರೂ ಆತನಿಗೆ ನೆಪವೊಂದು ಸಿಕ್ಕಿದ್ದು ತುಂಬಿದ ಕಣಜದಿಂದಲೇ.

ಆಕ್ಷೇಪಕ್ಕೆ ಅಲ್ಲಿಯ ಸಾಧುಗಳು ಬರೀ ಬಾಯಿಮಾತಿನಿಂದ ಉತ್ತರ ಕೊಡಲಿಲ್ಲ. 814ರಲ್ಲಿ ದೇಹಬಿಟ್ಟ ಬೈಜಾಂಗ್ ಎಂಬ ಗುರು, ತಾನು ದುಡಿಯದ ದಿನ ಊಟ ಮುಟ್ಟುವುದಿಲ್ಲವೆಂದು ವ್ರತ ಹಿಡಿದಿದ್ದ. ಮುಪ್ಪಿನಲ್ಲಿ ಗುರುವು ದಣಿಯಬಾರದೆಂದು ಶಿಷ್ಯರು ಆತನ ಗುದ್ದಲಿ ಮುಂತಾದವನ್ನು ಬಚ್ಚಿಟ್ಟರಂತೆ. ಅವು ಮರಳಿ ಕೈಗೆ ಬರುವತನಕ ಆತ ಅನ್ನ ಮುಟ್ಟಲಿಲ್ಲವೆಂದು ಪರಂಪರೆ ಹೇಳುತ್ತದೆ.

ಬೇರೆ ಕೆಲವರು ಪಡೆದ ಕಾಳಿಗೆ ಪ್ರತಿಯಾಗಿ ಜ್ಞಾನವನ್ನು ಕೊಟ್ಟರು. ಭಿಕ್ಷುಗಳು ವಿಹಾರದ ಅಂಗಳದಲ್ಲಿ ಆಡುಮಾತಿನ ಪ್ರವಚನ ಮಾಡಿದರು. ಕಥೆಗಾರರು ಚಿತ್ರದ ಸುರುಳಿ ಬಿಚ್ಚಿ, ಒಂದಿಷ್ಟು ಹಾಡಿ, ಒಂದಿಷ್ಟು ಮಾತನಾಡಿ ಕಥೆ ಹೇಳಿದರು. 1900ರಲ್ಲಿ ದುನ್‌ಹುವಾಂಗ್ ಗುಹೆಯೊಂದರಲ್ಲಿ ದೊರೆತ ಹಸ್ತಪ್ರತಿಗಳಲ್ಲಿ ಇಂಥ ಕಥೆಗಳಿವೆ. ಅವುಗಳಲ್ಲಿ ಜನಪ್ರಿಯವಾದುದು ಮುಲಿಯಾನನ ಕಥೆ. ಮುಲಿಯಾನ ಎಂದರೆ ಬುದ್ಧನ ಶಿಷ್ಯ ಮೌದ್ಗಲ್ಯಾಯನ. ನರಕಕ್ಕೆ ಬಿದ್ದ ತಾಯಿಯನ್ನು ಹುಡುಕಿಕೊಂಡು ಹೋಗಿ ಉದ್ಧರಿಸಿದ ಮಗ ಅವನು. ಸನ್ಯಾಸಿಯು ಹೆತ್ತವಳನ್ನು ಮರೆತವನೆಂಬ ದೂರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ? ಓದು ಬಾರದ ಒಕ್ಕಲಿಗನಿಗೂ ಅದು ತಿಳಿಯಿತು.

ದಾವೊ ಮತದಲ್ಲಿ ಭಿಕ್ಷೆಯು ಅಹಂಕಾರ ಮುರಿಯುವ ಸಾಧನೆಯಾಯಿತು. ಹನ್ನೆರಡನೆಯ ಶತಮಾನದ ವಾಂಗ್ ಚೊಂಗ್‌ಯಾಂಗ್ ಎಂಬ ಗುರು, ಮಾ ಯು ಎಂಬ ಸಿರಿವಂತ ಶಿಷ್ಯನಿಗೆ ಅವನ ಸ್ವಂತ ಊರಿನ ಬೀದಿಯಲ್ಲಿಯೇ ತಿರಿದು ಬರಲು ಆಜ್ಞಾಪಿಸಿದನು. ಕಾಣದ ಊರಿನಲ್ಲಿ ಬೇಡುವುದು ಸುಲಭ. ತನಗೆ ಕೈಮುಗಿಯುತ್ತಿದ್ದವರ ಮುಂದೆ ಕೈಯೊಡ್ಡುವುದು ಮರಣಕ್ಕೆ ಸಮಾನ. ಅಲ್ಲಿ ಸಾಯುವುದು 'ನಾನು' ಎಂಬುದು. ಬಿದಿರ ಕೊಳವೆಯ ಬಾಯಿಗೆ ತೆಳು ಚರ್ಮ ಬಿಗಿದ ವಾದ್ಯ ನುಡಿಸುತ್ತ, ಸಂಸಾರದ ಅನಿತ್ಯತೆಯನ್ನು ಬೀದಿಬೀದಿಯಲ್ಲಿ ಹಾಡುವ ಪದ್ಧತಿಯೂ ಈ ಮತದಿಂದಲೇ ಬೆಳೆಯಿತು.

ವೇಷ ಇದ್ದಲ್ಲಿ ವೇಷಧಾರಿಯೂ ಇರುತ್ತಾನೆ. ಹೊಟ್ಟೆಗಾಗಿ ತಲೆ ಬೋಳಿಸಿದವರು ಅಲ್ಲಿಯೂ ಇದ್ದರು. ಆದರೆ ಸಂಶಯವು ಮಿತಿಮೀರಿದರೆ ಏನಾದೀತೆಂಬುದನ್ನು 1768ನೆಯ ವರ್ಷ ತೋರಿಸಿತು. ಜನರ ಜಡೆಯ ತುದಿ ಕತ್ತರಿಸಿ ಮಾಟದಿಂದ ಪ್ರಾಣವನ್ನೇ ಕದಿಯುತ್ತಾರೆಂಬ ಗುಲ್ಲು ಹಬ್ಬಿತು. ಅಲೆಮಾರಿ ಸಾಧುಗಳನ್ನೂ ತಿರುಕರನ್ನೂ ಹಿಡಿದು ಚಿತ್ರಹಿಂಸೆ ಕೊಟ್ಟರು. ಕೆಲವರು ಜನರ ಹೊಡೆತಕ್ಕೆ, ಕೆಲವರು ಸೆರೆಯಲ್ಲಿ ಸತ್ತರು. ಕೊನೆಗೆ ವಿಚಾರಣೆಯಲ್ಲಿ ಏನೂ ಹುರುಳಿಲ್ಲವೆಂದು ಕಂಡು ಚಿಯಾನ್‌ಲಾಂಗ್ ಚಕ್ರವರ್ತಿಯೇ ಶೋಧವನ್ನು ನಿಲ್ಲಿಸಿದನು. ಸತ್ತವರು ಮರಳಿ ಬರಲಿಲ್ಲ.

ಹಾಗಾದರೆ ನಿಜವಾದ ಭಿಕ್ಷುಕನನ್ನು ಗುರುತಿಸುವುದು ಹೇಗೆ? ಶಾನ್‌ದೊಂಗ್ ಪ್ರಾಂತದ ವು ಶುನ್ ಎಂಬವನ ಬಾಳನ್ನು ನೋಡಬೇಕು. 1838ರಲ್ಲಿ ಹುಟ್ಟಿದ ಈತ ಕಾವಿ ತೊಟ್ಟವನಲ್ಲ, ಅಕ್ಷರ ಕಲಿತವನೂ ಅಲ್ಲ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ತಾಯಿಯೊಡನೆ ತಿರಿದುಂಡವನು. ಆಳಾಗಿ ದುಡಿದಾಗ, ಓದು ಬಾರದೆಂದು ಧಣಿಯು ಸುಳ್ಳು ಲೆಕ್ಕ ತೋರಿಸಿ ಕೂಲಿಯನ್ನು ನುಂಗಿದನು. ಬಡವರ ಮಕ್ಕಳಿಗೆ ಈ ಗತಿ ಬರಬಾರದೆಂದು ಪಣ ತೊಟ್ಟು ವು ಶುನ್ ಬೀದಿಗಿಳಿದನು. ಹಾಡಿದನು, ನಗೆಪಾಟಲಿನ ಆಟಗಳನ್ನು ಆಡಿದನು, ಕಾಸು ಕೊಟ್ಟವರಿಂದ ಹೊಡೆತವನ್ನೂ ತಿಂದನು. ಕೂಡಿದ ಹಣವನ್ನು ಬಡ್ಡಿಗೆ ಹಾಕಿಸಿ, ಹೊಲ ಕೊಂಡು, 1888ರಲ್ಲಿ ಲಿಯುಲಿನ್ ಎಂಬಲ್ಲಿ ಧರ್ಮಶಾಲೆ ತೆರೆದನು. ಸಾಯುವ ಹೊತ್ತಿಗೆ, ಅಂದರೆ 1896ರೊಳಗೆ, ಅಂಥ ಶಾಲೆಗಳು ಮೂರಾಗಿದ್ದವು. ತಾನು ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. ಆಲಸಿ ಗುರುವಿನ ಮುಂದೆ, ಓದದ ಹುಡುಗನ ಮುಂದೆ ಮಂಡಿಯೂರಿ ಬೇಡಿಕೊಳ್ಳುತ್ತಿದ್ದನು.

ಇವನನ್ನೂ ಲೋಕ ಬಿಡಲಿಲ್ಲ. 1951ರಲ್ಲಿ ಮಾವೋ ಅವರು ಇವನ ಕುರಿತಾದ ಚಲನಚಿತ್ರವನ್ನು ಖಂಡಿಸಿದರು. ಇವನು ಸಿರಿವಂತರಿಗೆ ಮಂಡಿಯೂರಿದ ಗುಲಾಮನೆಂದು ಟೀಕೆಗಳು ಬಂದವು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಅವನ ಸಮಾಧಿಯನ್ನೇ ಅಗೆದರು. ಆ ಟೀಕೆ ತಪ್ಪೆಂದು ಸರಕಾರ ಒಪ್ಪಿಕೊಂಡದ್ದು 1980ರ ದಶಕದಲ್ಲಿ. ನಮ್ಮ ಅಭಿಪ್ರಾಯ ಇಷ್ಟೇ: ತನಗಾಗಿ ಬಾಗಿದ ಮಂಡಿ ದೈನ್ಯ, ಪರರ ಮಕ್ಕಳಿಗಾಗಿ ಬಾಗಿದ ಮಂಡಿ ಪೂಜೆ. ಟೀಕಿಸಿದವರು ಮಂಡಿಯನ್ನು ಕಂಡರು, ಶಾಲೆಯನ್ನು ಕಾಣಲಿಲ್ಲ.

ಸದ್ಭಕ್ತರೇ, ಬೇಡುವವನ ಬಟ್ಟೆಯ ಬಣ್ಣ ನೋಡಿ ನೀಡಬೇಡಿರಿ, ಬಟ್ಟೆ ನೋಡಿ ಅಟ್ಟಲೂಬೇಡಿರಿ. ಜೋಳಿಗೆಗೆ ಬಿದ್ದದ್ದು ಎಲ್ಲಿಗೆ ಹೋಯಿತೆಂದು ಕೇಳಿರಿ. ಹಸಿದವನ ಹೊಟ್ಟೆಗೆ ಹೋದರೂ ಪುಣ್ಯವೇ, ಮಕ್ಕಳ ಅಕ್ಷರಕ್ಕೆ ಹೋದರೆ ಮಹಾಪುಣ್ಯ. ಕಣಜಕ್ಕೆ ಹೋಗಿ ಬೀಗ ಬಿದ್ದರೆ, ಕೇಳುವ ಹಕ್ಕು ನೀಡಿದವನಿಗೆ ಇದೆ. ಜೋಳಿಗೆ ಹಿಡಿದವರೂ ದಿನವೂ ಮಲಗುವ ಮುನ್ನ ತಮ್ಮನ್ನು ತಾವು ಇದೇ ಮಾತು ಕೇಳಿಕೊಳ್ಳತಕ್ಕದ್ದು.