ಪರದೇಶದ ಗಾಳಿಯಲ್ಲಿ ನಮ್ಮ ಮಾತು

ಕಲ್ಲೋಳಿ, ಮೂಡಲಗಿ, ಗೋಕಾಕ ಕಡೆಯ ಜಾತ್ರೆಗಳಲ್ಲಿ ರಾತ್ರಿ ಕಳೆದವರಿಗೆ ಇದು ಹೊಸದಲ್ಲ. ಒಂದು ಕಡೆ ಪಾರಿಜಾತದ ಆಟ, ಕೂಗಳತೆಯ ದೂರದಲ್ಲಿ ಇನ್ನೊಂದು ಪೆಂಡಾಲು, ಅಲ್ಲಿ ಭಜನೆ. ಎರಡೂ ಕಡೆ ಕಾರ್ಡ್‌ಲೆಸ್ ಮೈಕು. ಸತ್ಯಭಾಮೆ ಬಾಯಿ ತೆರೆಯುವ ಹೊತ್ತಿಗೆ ಸ್ಪೀಕರಿನಿಂದ ಭಜನೆಯ ತಾಳ ಹೊರಬೀಳುತ್ತದೆ. ಎರಡು ಮೈಕುಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಕೂತಿರುವುದೇ ಕಾರಣ. ಮೈಕಿನವನು ಓಡಿ ಬಂದು ವೈರಿನ ಮೈಕನ್ನು ಕೈಗಿಡುತ್ತಾನೆ, ಆಟ ಮುಂದೆ ಸಾಗುತ್ತದೆ.

ಇದೇ ಪೆಟ್ಟು ಲಂಡನ್ನಿನ ಬೀದಿಯಲ್ಲೋ ನ್ಯೂಯಾರ್ಕಿನ ಪಾರ್ಕಿನಲ್ಲೋ ಕನ್ನಡ ಸಿನಿಮಾ ತಂಡಕ್ಕೆ ಬಿದ್ದರೆ ಓಡಿ ಬರುವವರಿಲ್ಲ. ಆ ದಿನದ ಮಾತು ಹಾಳು. ಕೊನೆಗೆ ಬೆಂಗಳೂರಿನ ಸ್ಟುಡಿಯೊದಲ್ಲಿ ಡಬ್ಬಿಂಗ್ ಮಾಡಿ ಕೈತೊಳೆದುಕೊಳ್ಳುತ್ತೇವೆ. ನನ್ನ ತಕರಾರು ಇರುವುದು ಈ ಕೈತೊಳೆದುಕೊಳ್ಳುವುದರ ಬಗ್ಗೆ.

ಗೋಕಾಕ ಸೀಮೆಗೆ ದನಿಯ ಬೆಲೆ ಗೊತ್ತು. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ಕುಲಗೋಡ ತಮ್ಮಣ್ಣ ಇಲ್ಲಿಯವನು, ಅದನ್ನು ಊರೂರಿಗೆ ಮುಟ್ಟಿಸಿದ ಕೌಜಲಗಿ ನಿಂಗಮ್ಮ ಇಲ್ಲಿಯವಳು. ಇಲ್ಲಿಯ ಮಾತಿಗೆ ತನ್ನದೇ ಎಳೆತ, ತನ್ನದೇ ಏಟು. ಅಮೆರಿಕದಲ್ಲಿರುವ ಮಗನ ಮನೆಗೆ ಹೋದ ಕಲ್ಲೋಳಿಯ ತಂದೆ ಹಿಮ ಬಿದ್ದ ಅಂಗಳದಲ್ಲಿ ನಿಂತು, ‘ಉಂಡಿಯೇನೋ ತಮ್ಮಾ? ಯಾಕ ಹಿಂಗ ಸೊರಗೀದಿ?’ ಎಂದು ಕೇಳುವ ದೃಶ್ಯ ನೆನೆಯಿರಿ. ‘ತಮ್ಮಾ’ ಎಂಬಲ್ಲಿನ ಎಳೆತ, ಚಳಿಗೆ ತುಸು ನಡುಗುವ ಉಸಿರು, ಕಾಲಡಿಯ ಹಿಮದ ಸದ್ದು ಎಲ್ಲ ಆ ಕ್ಷಣಕ್ಕೇ ಸೇರಿದವು. ಮೂರು ತಿಂಗಳ ಮೇಲೆ ಎ.ಸಿ. ಕೋಣೆಯಲ್ಲಿ ಆ ಕಲಾವಿದನಿಂದಲೂ ಅದು ಮರಳಿ ಬರುವುದು ಕಷ್ಟ. ಅವನ ಬದಲು ಬೇರೆಯವರು ದನಿ ಕೊಟ್ಟರಂತೂ ಗೋಕಾಕ ಕಡೆಯ ಕನ್ನಡ ಹೋಗಿ ಯಾವ ಊರಿನದೂ ಅಲ್ಲದ ಕನ್ನಡ ಉಳಿಯುತ್ತದೆ.

ಡಬ್ಬಿಂಗ್ ರೂಢಿಗೆ ಬಂದದ್ದಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. ಹಗುರವಾದ ಹಳೆಯ ಆರಿ ಕ್ಯಾಮೆರಾಗಳು ಓಡುವಾಗ ಗರಗರ ಸದ್ದು ಮಾಡುತ್ತಿದ್ದವು. 1978ರಲ್ಲಿ ‘ಸಿಂಗಾಪುರದಲ್ಲಿ ರಾಜಾಕುಳ್ಳ’ ಹೊರದೇಶದ ದಾರಿ ತೋರಿದಾಗ, ಶೂಟಿಂಗ್ ಹೊತ್ತಿಗೇ ಮಾತು ಹಿಡಿಯುವ ಸಿಂಕ್ ಸೌಂಡ್ ಎಂಬುದು ನಮ್ಮಲ್ಲಿ ದೂರದ ಮಾತು. ಈಗಿನ ಡಿಜಿಟಲ್ ಕ್ಯಾಮೆರಾಗಳಿಗೆ ಆ ಗದ್ದಲವಿಲ್ಲ. ಮಂಡ್ಯ ಸೀಮೆಯ ಹಳ್ಳಿಗರೇ ನಟಿಸಿದ ‘ತಿಥಿ’ ಸ್ಥಳದಲ್ಲೇ ಹಿಡಿದ ಮಾತಿನೊಂದಿಗೆ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವಕ್ಕೆ ಹೋಗಿ ಎರಡು ಪ್ರಶಸ್ತಿ ತಂದಿತು. ಆ ಮಾತನ್ನು ಡಬ್ ಮಾಡಿದ್ದರೆ ಆ ಚಿತ್ರ ಚಿತ್ರವಾಗಿ ಉಳಿಯುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಊರಲ್ಲಿ ಸಾಧ್ಯವಾದದ್ದು ಹೊರದೇಶದಲ್ಲಿ ತಪ್ಪುವುದು ಬಹುಮಟ್ಟಿಗೆ ತರಂಗಾಂತರದಿಂದ. ನಟನ ಅಂಗಿಯೊಳಗೆ ಅಂಟಿಸಿದ ಕಾಲರ್ ಮೈಕು, ಸೊಂಟದಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಟ್ರಾನ್ಸ್‌ಮಿಟರ್, ಅದಕ್ಕೊಂದು ಗೇಣಿಗಿಂತ ಚಿಕ್ಕ ಆಂಟೆನಾ. 600 ಮೆಗಾಹರ್ಟ್ಸ್ ಅಲೆಯ ಉದ್ದ 50 ಸೆಂಟಿಮೀಟರ್, ಅದರ ಕಾಲುಭಾಗ ಹನ್ನೆರಡೂವರೆ ಸೆಂಟಿಮೀಟರಿನ ಆಂಟೆನಾ. ಈ ಅಲೆಗಳು ಟಿ.ವಿ. ಪ್ರಸಾರಕ್ಕೆ ಮೀಸಲಾದ ಪಟ್ಟಿಯಲ್ಲಿ, ಖಾಲಿ ಇರುವ ಸಂದಿಗಳಲ್ಲಿ ಓಡಾಡುತ್ತವೆ. ಮೊಬೈಲ್ ಕಂಪನಿಗಳಿಗೆ ಜಾಗ ಬೇಕಾದಂತೆಲ್ಲ ಸರಕಾರಗಳು ಆ ಪಟ್ಟಿಯನ್ನೇ ಹರಿದು ಹರಾಜು ಹಾಕುತ್ತ ಬಂದಿವೆ. ಒಂದೊಂದು ದೇಶ ಒಂದೊಂದು ಕಡೆ ಹರಿದಿದೆ.

ಅಮೆರಿಕವನ್ನೇ ನೋಡಿ. 698ರಿಂದ 806 ಮೆಗಾಹರ್ಟ್ಸ್‌ವರೆಗಿನ ಜಾಗದಿಂದ ವೈರ್‌ಲೆಸ್ ಮೈಕುಗಳನ್ನು 2010ರಲ್ಲೇ ಹೊರಹಾಕಿದರು. 2020ರ ಜುಲೈನಲ್ಲಿ 600ರ ಪಟ್ಟಿಯ ಬಹುಪಾಲೂ ಕೈಬಿಟ್ಟುಹೋಯಿತು. ಉಳಿದದ್ದು ಮುಖ್ಯವಾಗಿ 470ರಿಂದ 608. ಬ್ರಿಟನ್ನಿನಲ್ಲಿ 606.5ರಿಂದ 613.5 ಮೆಗಾಹರ್ಟ್ಸ್, ಅಂದರೆ ಚಾನೆಲ್ 38, ಮೈಕುಗಳಿಗೆಂದೇ ಇದೆ. ಅಲ್ಲಿಯ ತರಂಗಾಂತರ ನಿಯಂತ್ರಕ ಆಫ್‌ಕಾಮ್‌ನಿಂದ ಲೈಸೆನ್ಸ್ ಪಡೆದರೆ ಆಯಿತು. ಆದರೆ ಲಂಡನ್ನಿನಲ್ಲಿ ನಿಶ್ಚಿಂತೆಯಿಂದ 610ರಲ್ಲಿ ಮಾತು ಹಿಡಿದ ಸೆಟ್ಟನ್ನು ಹಾಗೇ ನ್ಯೂಯಾರ್ಕಿಗೆ ಒಯ್ದರೆ ತಪ್ಪಾಗುತ್ತದೆ. ಅಲ್ಲಿ 608ರಿಂದ 614 ರೇಡಿಯೊ ಖಗೋಳಶಾಸ್ತ್ರಕ್ಕೂ, ಆಸ್ಪತ್ರೆಯಲ್ಲಿ ರೋಗಿಗಳ ಎದೆಬಡಿತ ಗಮನಿಸುವ ಯಂತ್ರಗಳಿಗೂ ಬಿಟ್ಟ ಜಾಗ. ಆಸ್ಟ್ರೇಲಿಯಾದಲ್ಲಿ 520ರಿಂದ 694ರವರೆಗೆ ಅವಕಾಶವಿದೆ, 694ರ ಮೇಲಿನದನ್ನು 2015ರಿಂದ ಮುಚ್ಚಿದ್ದಾರೆ. ಯುರೋಪಿನ ಬಹುತೇಕ ಕಡೆ 694ರ ಕೆಳಗೆ ಜಾಗವಿದ್ದರೂ ಅನುಮತಿಯ ಕ್ರಮ ದೇಶಕ್ಕೊಂದು ತೆರ.

ನಮ್ಮಲ್ಲಿ ಸಿಗುವ ಹಳೆಯ, ಅಗ್ಗದ ಸೆಟ್ಟುಗಳಲ್ಲಿ ಹಲವು 700-800ರ ಪಟ್ಟಿಯವು. ಭಾರತದಲ್ಲೂ 2022ರ ಹರಾಜಿನಲ್ಲಿ 700ರ ಪಟ್ಟಿಯ ಒಂದು ಭಾಗ ಜಿಯೊ ಪಾಲಾಯಿತು. ಹೀಗಾಗಿ ಸೆಟ್ಟು ಬಾಡಿಗೆಗೆ ತರುವಾಗ ಕಂಪನಿಯ ಹೆಸರಿಗಿಂತ ಅದರ ಮೇಲೆ ಬರೆದ ಅಂಕಿ ಮುಖ್ಯ. ಒಂದೇ ಕಂಪನಿಯ, ನೋಡಲು ಒಂದೇ ತರದ ಸೆನ್‌ಹೈಸರ್ ಸೆಟ್ಟುಗಳಲ್ಲಿ ಜಿ ಪಟ್ಟಿಯದು 566ರಿಂದ 608, ಡಿ ಪಟ್ಟಿಯದು 780ರಿಂದ 822. ಮೊದಲನೆಯದು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮೂರೂ ದೇಶಗಳಲ್ಲಿ, ಅಲ್ಲಲ್ಲಿಯ ನಿಯಮಕ್ಕೆ ಒಳಪಟ್ಟು, ಉಪಯೋಗಕ್ಕೆ ಬರುತ್ತದೆ. ಎರಡನೆಯದು ಅಮೆರಿಕದ ಮಟ್ಟಿಗೆ ಪೆಟ್ಟಿಗೆಯಲ್ಲೇ ಇರಬೇಕಾದ ವಸ್ತು.

ಕಾನೂನು ಸರಿಹೋದರೂ ಕೆಲಸ ಮುಗಿಯಲಿಲ್ಲ. ಸ್ಥಳಕ್ಕೆ ಹೋದ ಕೂಡಲೇ ಸೌಂಡ್ ರೆಕಾರ್ಡಿಸ್ಟು ತನ್ನ ಟ್ರಾನ್ಸ್‌ಮಿಟರುಗಳನ್ನೆಲ್ಲ ಆಫ್ ಮಾಡಿ ರಿಸೀವರಿನಲ್ಲಿ ಸ್ಕ್ಯಾನ್ ಮಾಡಬೇಕು. ಅಲ್ಲಿಯ ಟಿ.ವಿ. ಚಾನೆಲ್ಲುಗಳು ಎಲ್ಲೆಲ್ಲಿ ಕೂತಿವೆ ಎಂಬುದು ಆಗ ಕಾಣುತ್ತದೆ. ಇನ್ನೊಂದು ಸೂಕ್ಷ್ಮವಿದೆ. 600 ಮತ್ತು 601ರಲ್ಲಿ ಎರಡು ಮೈಕು ಒಟ್ಟಿಗೆ ನಡೆದರೆ ಅವೆರಡೂ ಬೆರೆತು 599 ಮತ್ತು 602ರಲ್ಲಿ ಬೇಡದ ಅಲೆಗಳು ಹುಟ್ಟುತ್ತವೆ. ಮೂರನೆಯ ನಟನ ಮೈಕು 602ರಲ್ಲಿದ್ದರೆ ಕೆಟ್ಟಿತು. ಆದ್ದರಿಂದ ಅಂತರಗಳು ಸಮವಾಗಿರಬಾರದು. ಸಮನಾಗಿ ಹಂಚುವುದೇ ಅಚ್ಚುಕಟ್ಟು ಎಂದು ತಿಳಿದವರು ಇಲ್ಲೇ ಎಡವುತ್ತಾರೆ. ಕೊನೆಗೆ ಎಲ್ಲ ಮೈಕು ಹಚ್ಚಿ, ನಟ ಎಲ್ಲಿಯವರೆಗೆ ನಡೆಯಬೇಕೋ ಅಲ್ಲಿಯವರೆಗೆ ಸಹಾಯಕನನ್ನು ನಡೆಸಿ, ಅವನು ಬೆನ್ನು ತಿರುಗಿಸಿ ನಿಂತಾಗಲೂ ದನಿ ಕಡಿಯುವುದಿಲ್ಲವೇ ಎಂದು ಕೇಳಬೇಕು. ಮನುಷ್ಯನ ಮೈ ಈ ಅಲೆಗಳನ್ನು ಕುಡಿದುಬಿಡುತ್ತದೆ.

ಈಗಿನ ಪುಟ್ಟ 2.4 ಗಿಗಾಹರ್ಟ್ಸ್ ಮೈಕುಗಳಿಗೆ ಬಹುತೇಕ ದೇಶಗಳಲ್ಲಿ ಪ್ರತ್ಯೇಕ ಲೈಸೆನ್ಸ್ ಬೇಡ. ಸಂದರ್ಶನಕ್ಕೆ ಸಾಕು. ಆದರೆ ಪ್ರತಿ ಮನೆಯ ವೈಫೈ ಅದೇ ಜಾಗದಲ್ಲಿ ಗಿಜಿಗುಡುವಾಗ ಕಥಾಚಿತ್ರದ ಮಾತನ್ನು ಅದೊಂದರ ಮೇಲೆ ಬಿಡಬಾರದು. ದುಡ್ಡಿನ ಮುಗ್ಗಟ್ಟು ಇರುವ ತಂಡಗಳಿಗೆ ನನ್ನ ಸಲಹೆ ಬೇರೆ: ನಟನ ಮೈಮೇಲೆಯೇ ಕಾರ್ಡಿಗೆ ಧ್ವನಿ ಬರೆದುಕೊಳ್ಳುವ ಚಿಕ್ಕ ರೆಕಾರ್ಡರು, ಜೊತೆಗೆ ವೈರಿನ ಬೂಮ್ ಮೈಕು. ರೇಡಿಯೊ ಅಲೆಯ ಗೊಡವೆಯೇ ಇಲ್ಲ. ಶೂಟಿಂಗ್ ನಡೆಯುವಾಗ ಕೇಳಿ ನೋಡಲಾಗದು ಎಂಬ ಕೊರತೆಯಿದೆ, ಆದರೆ ದನಿ ಉಳಿಯುತ್ತದೆ.

ಹೊರದೇಶಕ್ಕೆ ಹೊರಟ ತಂಡ ವೀಸಾ, ಹೋಟೆಲ್, ಸಾಮಾನು ಒಯ್ದು ಮರಳಿ ತರಲು ಫಿಕ್ಕಿ ಕೊಡುವ ಎಟಿಎ ಕಾರ್ನೆ ಪತ್ರ ಎಲ್ಲ ಹೊಂದಿಸುತ್ತದೆ. ಆ ಪತ್ರದಲ್ಲಿ ಪ್ರತಿ ಸಾಮಾನಿನ ಸೀರಿಯಲ್ ನಂಬರು ಇರುತ್ತದೆ. ಅದು ಕಸ್ಟಮ್ಸ್‌ಗೆ ಸಾಲುತ್ತದೆ, ಆ ಸಾಮಾನನ್ನು ಯಾವ ಫ್ರೀಕ್ವೆನ್ಸಿಯಲ್ಲಿ ನಡೆಸಬಹುದು ಎಂಬುದನ್ನು ಹೇಳುವುದಿಲ್ಲ. ಈ ಮಾಹಿತಿಯನ್ನು ದೇಶವಾರು ಕನ್ನಡದಲ್ಲಿ ಕೂಡಿಸಿ, ವರ್ಷಕ್ಕೊಮ್ಮೆ ತಿದ್ದಿ, ಎಲ್ಲರ ಕೈಗೆ ಸಿಗುವಂತೆ ಇಡುವುದು ಕರ್ನಾಟಕ ಚಲನಚಿತ್ರ ಅಕಾಡೆಮಿಗೂ ವಾಣಿಜ್ಯ ಮಂಡಳಿಗೂ ಭಾರವಾಗದ ಕೆಲಸ. ಅದಾಗುವವರೆಗೆ ನಿರ್ಮಾಪಕರಲ್ಲಿ ಒಂದೇ ವಿನಂತಿ: ವಿಮಾನದ ಟಿಕೆಟ್ ತೆಗೆಸುವ ಮೊದಲು ನಿಮ್ಮ ಸೌಂಡ್ ರೆಕಾರ್ಡಿಸ್ಟನ್ನು ಕರೆದು ಕೂರಿಸಿ, ಯಾವ ದೇಶ, ಯಾವ ಊರು ಎಂದು ಹೇಳಿ, ಅವರು ಕೇಳಿದ ಪಟ್ಟಿಯ ಸೆಟ್ಟನ್ನೇ ಬಾಡಿಗೆಗೆ ತರಿಸಿ.