ಎನ್‌ಒಸಿ ಕೊಟ್ಟು ಕೈ ತೊಳೆದುಕೊಂಡರೆ ಆಯಿತೇ?

ಬೇಸತ್ತ ಆಟಗಾರನನ್ನು ತಂಡ ಉಳಿಸಿಕೊಳ್ಳಬೇಕೋ, ಕಳಿಸಿಕೊಡಬೇಕೋ? ಐಪಿಎಲ್‌ನಲ್ಲಿ ಇದಕ್ಕೆ ಉತ್ತರ ಸುಲಭ. ರಾಜಸ್ಥಾನ ರಾಯಲ್ಸ್‌ನಿಂದ ಬಿಡುಗಡೆ ಬಯಸಿದ್ದ ಸಂಜು ಸ್ಯಾಮ್ಸನ್ 2025ರ ನವೆಂಬರ್‌ನಲ್ಲಿ ಚೆನ್ನೈಗೆ ಹೋದರು, ಅವರ ಬದಲಿಗೆ ರವೀಂದ್ರ ಜಡೇಜ ಮತ್ತು ಸ್ಯಾಮ್ ಕರನ್ ರಾಜಸ್ಥಾನಕ್ಕೆ ಬಂದರು. ಕೊಟ್ಟದ್ದಕ್ಕೆ ಪ್ರತಿಯಾಗಿ ಏನೋ ಒಂದು ಸಿಕ್ಕಿತು. ರಣಜಿ ಟ್ರೋಫಿಯಲ್ಲಿ ಹಾಗಿಲ್ಲ. ಇಲ್ಲಿ ರಾಜ್ಯ ಸಂಸ್ಥೆ ಒಂದು ನಿರಾಕ್ಷೇಪಣಾ ಪತ್ರ ಬರೆದುಕೊಡುತ್ತದೆ. ಎಲ್ಲರ ಬಾಯಲ್ಲಿ ಅದು ಎನ್‌ಒಸಿ. ಹದಿನಾಲ್ಕರ ಹುಡುಗನಾಗಿದ್ದಾಗಿನಿಂದ ಈ ರಾಜ್ಯದ ನೆಟ್ಸ್‌ನಲ್ಲಿ, ಈ ರಾಜ್ಯದ ಕೋಚ್‌ಗಳ ಕೈಯಲ್ಲಿ ತಯಾರಾದವನು ಆ ಒಂದು ಹಾಳೆ ಹಿಡಿದು ಬೇರೆ ರಾಜ್ಯಕ್ಕೆ ಹೊರಡುತ್ತಾನೆ. ನಮಗೆ ಉಳಿಯುವುದು ಖಾಲಿ ಜಾಗ.

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ (ಕೆಎಸ್‌ಸಿಎ) ಈ ಪತ್ರವನ್ನು ತೀರಾ ಅಗ್ಗವಾಗಿ ಹಂಚಿದೆ ಎಂಬುದು ನನ್ನ ದೂರು. ರಾಬಿನ್ ಉತ್ತಪ್ಪ, ಸ್ಟುವರ್ಟ್ ಬಿನ್ನಿ, ಶ್ರೇಯಸ್ ಗೋಪಾಲ್, ಕರುಣ್ ನಾಯರ್ ಹೀಗೆ ಪಟ್ಟಿ ಬೆಳೆಯುತ್ತಲೇ ಹೋಯಿತು. ದಾವಣಗೆರೆಯವರಿಗೆ ಈ ನೋವು ಇನ್ನೂ ಹತ್ತಿರದ್ದು, ಈ ಊರಲ್ಲಿ ಹುಟ್ಟಿದ ಇಬ್ಬರು ಆ ಪಟ್ಟಿಯಲ್ಲಿದ್ದಾರೆ.

ವಿನಯ್ ಕುಮಾರ್ ಹೆಸರು ಇಲ್ಲಿನ ಮಕ್ಕಳಿಗೂ ಗೊತ್ತು. ಗಣೇಶ್ ಸತೀಶ್ ಅಂದರೆ ಮಾತ್ರ ಅರ್ಧ ಊರು ಯಾರು ಎಂದು ಕೇಳುತ್ತದೆ. 2014ರ ಫೆಬ್ರುವರಿಯಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಕರ್ನಾಟಕ ಹದಿನೈದು ವರ್ಷಗಳ ರಣಜಿ ಬರ ನೀಗಿಸಿಕೊಂಡಿತಲ್ಲ, ಆ ಫೈನಲ್‌ನಲ್ಲಿ ಕೆ.ಎಲ್. ರಾಹುಲ್ 131 ಹೊಡೆದದ್ದು ಎಲ್ಲರಿಗೂ ನೆನಪಿದೆ. ಅದೇ ಇನಿಂಗ್ಸ್‌ನಲ್ಲಿ ಸತೀಶ್ 117 ಹೊಡೆದಿದ್ದರು. ಮುಂದಿನ ಋತು ಶುರುವಾಗುವಾಗ ಅವರು ವಿದರ್ಭದ ಆಟಗಾರ. ರಾಹುಲ್, ಉತ್ತಪ್ಪ, ಮನೀಷ್ ಪಾಂಡೆ, ಕರುಣ್, ಮಯಂಕ್ ಎಲ್ಲ ಇದ್ದ ಕಾಲ ಅದು, ಬ್ಯಾಟಿಂಗ್ ಸಾಲಿನಲ್ಲಿ ಜಾಗ ಇಕ್ಕಟ್ಟಾಗಿತ್ತು ಎಂಬ ಸಮಜಾಯಿಷಿಯನ್ನು ನಾನು ಒಪ್ಪುತ್ತೇನೆ. ಆದರೆ ಆ ಇಕ್ಕಟ್ಟಿಗೆ ತೆತ್ತ ಬೆಲೆ ಮೂರು ವರ್ಷಗಳ ನಂತರ ಕೋಲ್ಕತ್ತದಲ್ಲಿ ಗೊತ್ತಾಯಿತು.

2017ರ ಡಿಸೆಂಬರ್, ಈಡನ್ ಗಾರ್ಡನ್ಸ್, ರಣಜಿ ಸೆಮಿಫೈನಲ್. ಕರ್ನಾಟಕದ ನಾಯಕ ವಿನಯ್ ಕುಮಾರ್. ಎದುರಾಳಿ ವಿದರ್ಭದ ಮಧ್ಯಮ ಕ್ರಮಾಂಕದಲ್ಲಿ ಗಣೇಶ್ ಸತೀಶ್. ಮೊದಲ ಇನಿಂಗ್ಸ್‌ನಲ್ಲಿ ವಿದರ್ಭ 185ಕ್ಕೆ ಮುಗಿಯಿತು. ಕರುಣ್ ನಾಯರ್ 153 ಹೊಡೆದು ಕರ್ನಾಟಕವನ್ನು 301ಕ್ಕೆ ಒಯ್ದರು. 116 ರನ್ ಮುನ್ನಡೆ, ಪಂದ್ಯ ನಮ್ಮದೇ ಎಂದುಕೊಂಡೆವು. ಎರಡನೇ ಸರದಿಯಲ್ಲಿ ಸತೀಶ್ ನಿಂತು 81 ರನ್ ಮಾಡಿದರು, ವಿದರ್ಭ 313 ಗಳಿಸಿತು. ಗೆಲ್ಲಲು 198 ಬೇಕಿದ್ದ ಕರ್ನಾಟಕಕ್ಕೆ ರಜನೀಶ್ ಗುರ್ಬಾನಿ ಏಳು ವಿಕೆಟ್ ಕಿತ್ತರು. ಕೊನೆಯಲ್ಲಿ ವಿನಯ್ 36, ಮಿಥುನ್ 33 ಹೊಡೆದು ಹೋರಾಡಿದರೂ 192ಕ್ಕೆ ಎಲ್ಲ ಮುಗಿಯಿತು.

ಐದು ರನ್. ನಮ್ಮ ಊರಿನವನ ಎಂಬತ್ತೊಂದು ಎದುರಾಳಿಯ ಸ್ಕೋರ್‌ಬುಕ್ಕಿನಲ್ಲಿತ್ತು. ವಿದರ್ಭ ಆ ವರ್ಷ ಮೊದಲ ಬಾರಿಗೆ ರಣಜಿ ಗೆದ್ದಿತು, ಮರುವರ್ಷ ಮತ್ತೆ ಗೆದ್ದಿತು. ಅಂದು ನಮಗಾಗಿ 153 ಹೊಡೆದ ಕರುಣ್ ಕೂಡ ಮುಂದೊಂದು ದಿನ ಅದೇ ವಿದರ್ಭದ ಅಂಗಿ ತೊಟ್ಟರು.

ಇನ್ನು ವಿನಯ್ ಕುಮಾರ್. ಆಟೊ ಚಾಲಕರ ಮಗ. ಗಂಟೆಗೆ 130 ಕಿಲೋಮೀಟರ್ ಆಸುಪಾಸಿನ ವೇಗ, ಅದಕ್ಕಿಂತ ಹೆಚ್ಚಿಲ್ಲ. 2012ರ ಜನವರಿಯಲ್ಲಿ ಪರ್ತ್‌ನಲ್ಲಿ ಆಡಿದ ಒಂದೇ ಟೆಸ್ಟ್ ಅವರ ಪಾಲಿಗೆ ಒದಗಿತು, ಅಲ್ಲಿ ಆ ವೇಗವನ್ನೇ ಹಿಡಿದು ಆಡಿಕೊಂಡವರು ಬಹಳ. ದೇಶೀಯ ಕ್ರಿಕೆಟ್ಟಿನಲ್ಲಿ ಅದೇ ಬೌಲಿಂಗ್ 504 ಪ್ರಥಮ ದರ್ಜೆ ವಿಕೆಟ್ ತಂದಿತು, ಅದರಲ್ಲಿ 442 ರಣಜಿಯವು. ಸೀಮ್ ನೆಟ್ಟಗೆ ನಿಲ್ಲಿಸಿ, ಆಫ್ ಸ್ಟಂಪಿನ ಹೊರಗೆ ಒಂದೇ ಜಾಗಕ್ಕೆ ಹತ್ತು ಓವರ್ ಹಾಕಿ, ಬ್ಯಾಟ್ಸ್‌ಮನ್ ಕೈ ಚಾಚುವವರೆಗೆ ಕಾಯುವ ಬೌಲಿಂಗ್ ಅದು. ಅವರ ನಾಯಕತ್ವದಲ್ಲಿ 2013–14 ಮತ್ತು 2014–15ರಲ್ಲಿ ಸತತ ಎರಡು ವರ್ಷ ಕರ್ನಾಟಕ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದಿತು. ಮುಂಬೈಯಲ್ಲಿ ತಮಿಳುನಾಡಿನ ವಿರುದ್ಧದ ಎರಡನೇ ಫೈನಲ್‌ನಲ್ಲಿ ಕರುಣ್ 328 ಹೊಡೆದದ್ದಕ್ಕೆ ಹೆಸರು ಬಂತು. ಅದೇ ಪಂದ್ಯದಲ್ಲಿ ನಾಯಕ ಐದು ವಿಕೆಟ್ ಕಿತ್ತು ಅಜೇಯ ಶತಕವನ್ನೂ ಹೊಡೆದಿದ್ದರು.

ಕರ್ನಾಟಕದ ಪರ ಅವರ ಕೊನೆಯ ರಣಜಿ ಪಂದ್ಯ 2019ರ ಜನವರಿಯಲ್ಲಿ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಸೌರಾಷ್ಟ್ರದ ವಿರುದ್ಧದ ಸೆಮಿಫೈನಲ್. ಅಷ್ಟರಲ್ಲಿ ನಾಯಕತ್ವ ಮನೀಷ್ ಪಾಂಡೆಗೆ ಹೋಗಿತ್ತು. ಎರಡನೇ ಇನಿಂಗ್ಸ್‌ನಲ್ಲಿ ವಿನಯ್ ಹಾಕಿದ ಚೆಂಡು ಚೇತೇಶ್ವರ ಪೂಜಾರ ಬ್ಯಾಟಿನ ಅಂಚು ಸವರಿ ಕೀಪರ್ ಕೈ ಸೇರಿತು. ಇಡೀ ತಂಡ ಕೈಯೆತ್ತಿ ಕೂಗಿತು, ಅಂಪೈರ್ ಬೆರಳೆತ್ತಲಿಲ್ಲ, ಪೂಜಾರ ಕದಲಲಿಲ್ಲ. ಆಮೇಲೆ ಅವರು ಅಜೇಯ 131 ಹೊಡೆದರು, ಕರ್ನಾಟಕ ಸೋತಿತು. ಅದೇ ವರ್ಷದ ಆಗಸ್ಟ್‌ನಲ್ಲಿ ವಿನಯ್ ಪುದುಚೇರಿಗೆ ಹೊರಟ ಸುದ್ದಿ ಬಂತು. ಪ್ಲೇಟ್ ಗುಂಪಿನಲ್ಲಿದ್ದ ಪುದುಚೇರಿಗೆ 2019–20ರ ಒಂದೇ ಋತುವಿನಲ್ಲಿ ಅವರು 45 ವಿಕೆಟ್ ಕೊಟ್ಟರು. ಎದುರಾಳಿಗಳು ದುರ್ಬಲರು ನಿಜ. ಮೂವತ್ತೈದು ದಾಟಿದ ಮೈ ಒಂದು ಇಡೀ ಋತುವಿನ ಭಾರ ಹೊತ್ತದ್ದೂ ಅಷ್ಟೇ ನಿಜ.

‘ವಯಸ್ಸಾಗಿತ್ತು ಬಿಡ್ರಿ, ಹುಡುಗರಿಗೆ ಜಾಗ ಬೇಡ್ವಾ?’ ಈ ಮಾತನ್ನು ದಾವಣಗೆರೆಯಲ್ಲೇ ನೂರು ಸಲ ಕೇಳಿದ್ದೇನೆ. ಮಾತು ತಪ್ಪಲ್ಲ. ಮಿಥುನ್ ಇದ್ದರು, ರೋನಿತ್ ಮೋರೆ ಇದ್ದರು, ಪ್ರಸಿದ್ಧ್ ಕೃಷ್ಣ ಬೆಳೆಯುತ್ತಿದ್ದರು. ಹನ್ನೊಂದರಲ್ಲಿ ವಿನಯ್‌ಗೆ ಕಾಯಂ ಜಾಗ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ನಾನು ಕೇಳುವುದು ಇಷ್ಟೇ: ಆ 442 ವಿಕೆಟ್‌ಗಳ ಹಿಂದಿನ ಕಸುಬು ಪ್ರಸಿದ್ಧ್‌ನ ಪಕ್ಕದಲ್ಲಿ ನಿಲ್ಲಬೇಕಾಗಿದ್ದ ಹೊತ್ತಿನಲ್ಲಿ ಪುದುಚೇರಿಯ ನೆಟ್ಸ್‌ನಲ್ಲಿ ಯಾಕೆ ನಿಂತಿತ್ತು? ಹರಿಹರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿದಾಗ ಆ ಊರು ಕಳೆದುಕೊಂಡದ್ದು ಸಂಬಳವನ್ನು ಮಾತ್ರವಲ್ಲ. ಲೇತ್ ಎದುರು ನಿಂತು, ಕಬ್ಬಿಣದ ಸಿಪ್ಪೆಯ ಬಣ್ಣ ನೋಡಿಯೇ ಕೈ ಎಲ್ಲಿ ತಪ್ಪಿತು ಎಂದು ಹೇಳಬಲ್ಲ ಹಿರಿಯ ಟರ್ನರ್‌ಗಳು ಚದುರಿಹೋದರು. ಹೊಸ ಯಂತ್ರ ಕೊಳ್ಳಬಹುದು, ಅಂಥ ಹಿರಿಯನನ್ನು ಎಲ್ಲಿಂದ ತರುವುದು?

ಹಿರಿಯನಿದ್ದರೆ ಕಿರಿಯನ ದಾರಿ ಕಟ್ಟುತ್ತದೆ ಎಂಬ ವಾದವನ್ನು ಕರುಣ್ ನಾಯರ್ ಪ್ರಕರಣವೇ ಮುರಿದುಹಾಕಿದೆ. 2016ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಚೆನ್ನೈನಲ್ಲಿ ಅಜೇಯ 303 ಹೊಡೆದ ಬ್ಯಾಟ್ಸ್‌ಮನ್‌ಗೆ 2022–23ರ ಕರ್ನಾಟಕ ತಂಡದಲ್ಲಿ ಜಾಗವಿರಲಿಲ್ಲ. ಹಳೆಯ ಲಯ ಇರಲಿಲ್ಲ, ಕೈಬಿಟ್ಟರು, ಸರಿ. 2022ರ ಡಿಸೆಂಬರ್‌ನಲ್ಲಿ ಅವರು ಇನ್ನೊಂದು ಅವಕಾಶಕ್ಕಾಗಿ ಕ್ರಿಕೆಟ್ಟಿಗೇ ಮೊರೆಯಿಟ್ಟು ಟ್ವೀಟ್ ಮಾಡಿದರು. ಸ್ವಂತ ರಾಜ್ಯದ ಆಯ್ಕೆಗಾರರ ಮುಂದೆ ಹೇಳಿಕೊಳ್ಳಬೇಕಾದ್ದನ್ನು ಒಬ್ಬ ಆಟಗಾರ ಊರೆಲ್ಲ ಕೇಳುವಂತೆ ಹೇಳಿಕೊಳ್ಳಬೇಕಾಯಿತು ಎಂದರೆ ಮಾತುಕತೆಯ ಬಾಗಿಲು ಎಲ್ಲೋ ಮುಚ್ಚಿತ್ತು ಎಂದೇ ನಾನು ಓದಿಕೊಳ್ಳುತ್ತೇನೆ. 2023ರಲ್ಲಿ ಅವರು ವಿದರ್ಭಕ್ಕೆ ಹೋದರು. 2024–25ರಲ್ಲಿ ವಿಜಯ್ ಹಜಾರೆಯಲ್ಲಿ ಐದು ಶತಕ, 779 ರನ್. ರಣಜಿಯಲ್ಲಿ 863 ರನ್, ಕೇರಳದ ವಿರುದ್ಧದ ಫೈನಲ್‌ನಲ್ಲಿ 86 ಮತ್ತು 135. ವಿದರ್ಭಕ್ಕೆ ಮೂರನೇ ರಣಜಿ. 2015ರ ಮಾರ್ಚ್‌ನಿಂದ ಆ ದಿನದವರೆಗೆ ಕರ್ನಾಟಕಕ್ಕೆ ಒಂದೂ ಇಲ್ಲ.

ಇದಕ್ಕೆ ಎದುರು ವಾದವೂ ಇದೆ, ಗಟ್ಟಿಯಾಗಿಯೇ ಇದೆ. ಅದೇ ವರ್ಷ ವಡೋದರದಲ್ಲಿ ನಡೆದ ವಿಜಯ್ ಹಜಾರೆ ಫೈನಲ್‌ನಲ್ಲಿ ಕರ್ನಾಟಕ ಗೆದ್ದದ್ದು ಕರುಣ್ ನಾಯಕತ್ವದ ವಿದರ್ಭದ ವಿರುದ್ಧವೇ. ಆ ದಿನ ಶತಕ ಹೊಡೆದವರು ಯುವಕ ಆರ್. ಸ್ಮರಣ್. ‘ನೋಡಿ, ಹಳಬ ಹೋಗಿದ್ದಕ್ಕೇ ಹೊಸಬ ಬಂದ’ ಎಂದರು. ಆಮೇಲೆ ಏನಾಯಿತು? 2025–26ರಲ್ಲಿ ಕರುಣ್ ಕರ್ನಾಟಕಕ್ಕೆ ಮರಳಿದರು. ನಮ್ಮ ಪಕ್ಕದ ಶಿವಮೊಗ್ಗದಲ್ಲಿ ಗೋವಾ ವಿರುದ್ಧ ಅಜೇಯ 174. ಬಳಿಕ ಕೇರಳದ ವಿರುದ್ಧ 233. ಆ ಇನಿಂಗ್ಸ್‌ನಲ್ಲೇ ಇನ್ನೊಂದು ತುದಿಯಲ್ಲಿ ನಿಂತು ಅಜೇಯ 220 ಹೊಡೆದವರು ಯಾರು? ಇದೇ ಸ್ಮರಣ್. ಹಿರಿಯ ಮತ್ತು ಕಿರಿಯ ಒಂದೇ ಪಿಚ್ಚಿನ ಎರಡು ತುದಿಯಲ್ಲಿ ದ್ವಿಶತಕ ಹೊಡೆದ ಮೇಲೂ ಒಬ್ಬರು ಹೋದರೆ ಮಾತ್ರ ಇನ್ನೊಬ್ಬರಿಗೆ ಜಾಗ ಎನ್ನುವುದು ಹೇಗೆ? ಎರಡು ಋತು ಕರುಣ್ ರನ್‌ಗಳನ್ನು ವಿದರ್ಭಕ್ಕೆ ಧಾರೆಯೆರೆದು ನಾವು ಗಳಿಸಿದ್ದು ಏನು ಎಂದು ಕೇಳುವ ಹಕ್ಕು ಈ ರಾಜ್ಯದ ಕ್ರಿಕೆಟ್ ಪ್ರಿಯರಿಗಿದೆ.

ಹಾಗೆಂದು ಹೊರಟವನ ಕಾಲಿಗೆ ಹಗ್ಗ ಹಾಕಿ ಎಂದು ನಾನು ಹೇಳುವುದಿಲ್ಲ. ಅದು ಇನ್ನೂ ಕೆಟ್ಟದ್ದು. 2024ರಲ್ಲಿ ಹನುಮ ವಿಹಾರಿ ಆಂಧ್ರ ಸಂಸ್ಥೆಯ ಮೇಲೆ ಸಿಡಿದೆದ್ದು ಇನ್ನು ಈ ತಂಡಕ್ಕೆ ಆಡುವುದಿಲ್ಲ ಎಂದರು, ಎನ್‌ಒಸಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತೆಂದೂ ಬಹಿರಂಗವಾಗಿ ದೂರಿದರು. ಅದರಿಂದ ಆಂಧ್ರಕ್ಕೆ ಮರ್ಯಾದೆಯೇನೂ ಹೆಚ್ಚಲಿಲ್ಲ. ಮುಂಬೈಯನ್ನು ನೋಡಿ. 2025ರ ಏಪ್ರಿಲ್‌ನಲ್ಲಿ ಯಶಸ್ವಿ ಜೈಸ್ವಾಲ್ ಗೋವಾಕ್ಕೆ ಹೋಗಲು ಪತ್ರ ಕೇಳಿದರು, ಮರುತಿಂಗಳು ಮನಸ್ಸು ಬದಲಿಸಿ ಅರ್ಜಿ ಹಿಂತೆಗೆದುಕೊಂಡರು, ಮುಂಬೈ ಅವರನ್ನು ಉಳಿಸಿಕೊಂಡಿತು. ಅಸಮಾಧಾನ ಎಂಬುದು ಎಷ್ಟೋ ಸಲ ತಾತ್ಕಾಲಿಕ. ಕೂರಿಸಿ ಮಾತಾಡಿದರೆ ಇಳಿಯುತ್ತದೆ. ಇಳಿಯದಿದ್ದರೆ ಗೌರವದಿಂದ, ತಡಮಾಡದೆ ಕಳಿಸಿಕೊಡಿ. ಕೂರಿಸುವ ಕೆಲಸವನ್ನೇ ಮಾಡದೆ ಸಹಿ ಹಾಕುವುದಕ್ಕೆ ನನ್ನ ವಿರೋಧ.

ಬೆಂಗಳೂರಿನ ಆಟಗಾರನಿಗೆ ತನ್ನ ಅಸಮಾಧಾನ ಹೇಳಿಕೊಳ್ಳಲು ಹತ್ತು ದಾರಿಗಳಿವೆ. ದೊಡ್ಡ ಕ್ಲಬ್ ಇದೆ, ಕ್ಲಬ್ಬಿನ ಕಾರ್ಯದರ್ಶಿ ಇದ್ದಾರೆ, ಸಂಜೆ ಕ್ರೀಡಾಂಗಣದಲ್ಲಿ ಸಿಗುವ ಹಳೆಯ ಆಟಗಾರರಿದ್ದಾರೆ. ದಾವಣಗೆರೆ–ಹರಿಹರದ ಹುಡುಗನಿಗೆ? ಇಲ್ಲಿನ ಹೈಸ್ಕೂಲ್ ಮೈದಾನದಲ್ಲಿ ಬೆಳಿಗ್ಗೆ ಹೋಗಿ ನಿಂತು ನೋಡಿ. ಒಂದೇ ಮೈದಾನದಲ್ಲಿ ನಾಲ್ಕೈದು ಆಟ ಒಟ್ಟಿಗೆ ನಡೆಯುತ್ತಿರುತ್ತದೆ, ಬಹುಪಾಲು ಟೆನಿಸ್ ಬಾಲಿನವು. ಲೆದರ್ ಬಾಲ್ ಹಿಡಿದ ಹುಡುಗನಿಗೆ ಮ್ಯಾಟಿನ ಮೇಲೆ ಅಭ್ಯಾಸ, ಚೆಂಡಿನ ಒಂದು ಮಗ್ಗುಲು ಪೂರ್ತಿ ಸಿಪ್ಪೆ ಎದ್ದಿರುತ್ತದೆ. ಟ್ರಯಲ್ಸ್‌ಗೆ ಕರೆ ಬಂದರೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ, ಸುಮಾರು 260 ಕಿಲೋಮೀಟರ್. ನಿದ್ದೆಗೆಟ್ಟ ಕಣ್ಣಲ್ಲಿ, ತನಗೆ ಪರಿಚಯವಿಲ್ಲದ ಟರ್ಫ್ ಮೇಲೆ ಎರಡು ಓವರ್ ಹಾಕಿ, ಹೆಸರು ಬರೆಸಿ, ಮತ್ತೆ ಬಸ್ಸು. ಇಷ್ಟೆಲ್ಲ ದಾಟಿ ರಾಜ್ಯ ತಂಡ ಮುಟ್ಟುವವನು ದಶಕಕ್ಕೊಬ್ಬ. ಅಂಥವನು ‘ಇಲ್ಲಿ ನನಗೆ ಜಾಗವಿಲ್ಲ ಅನಿಸುತ್ತಿದೆ’ ಎಂದಾಗ ಹಾಳೆ ತೆಗೆದು ಸಹಿ ಹಾಕುವುದು ಆ ಇಡೀ ದಾರಿಗೆ ಮಾಡುವ ಅವಮಾನ.

ಏನು ಮಾಡಬೇಕು ಎಂದು ಕೇಳುವವರಿಗೆ ಉತ್ತರವಿದೆ. ರಾಜ್ಯಕ್ಕೆ ಐವತ್ತು ರಣಜಿ ಪಂದ್ಯ ಆಡಿದ ಯಾರೇ ಎನ್‌ಒಸಿ ಕೇಳಲಿ, ಆಯ್ಕೆ ಸಮಿತಿ ಮತ್ತು ಕೋಚ್ ಅವರೊಂದಿಗೆ ಎದುರುಬದುರು ಕೂತು ಮುಂದಿನ ಎರಡು ವರ್ಷದ ಯೋಜನೆಯಲ್ಲಿ ಅವರಿದ್ದಾರೋ ಇಲ್ಲವೋ ಎಂದು ನೇರವಾಗಿ ಹೇಳಲಿ, ಬರವಣಿಗೆಯಲ್ಲೂ ಕೊಡಲಿ. ಇಲ್ಲ ಎಂದಾದರೆ ವಾರದೊಳಗೆ ಪತ್ರ ಕೊಡಲಿ. ಆಡುವ ಹನ್ನೊಂದರಲ್ಲಿ ಜಾಗವಿಲ್ಲದ ಹಿರಿಯ ಬೌಲರ್‌ಗೆ 19 ಮತ್ತು 23 ವರ್ಷದೊಳಗಿನವರ ತಂಡಗಳಲ್ಲಿ, ಜಿಲ್ಲೆಗಳ ಶಿಬಿರಗಳಲ್ಲಿ ಸಂಬಳದ ಕೆಲಸ ಕೊಡುವ ಅವಕಾಶವನ್ನು ಮೊದಲು ಮುಂದಿಡಲಿ. ಹಣದ ಕೊರತೆಯಿರುವ ಸಂಸ್ಥೆಯೇನೂ ಅಲ್ಲ ಇದು.

ವಿನಯ್ ಕುಮಾರ್ 2021ರ ಫೆಬ್ರುವರಿಯಲ್ಲಿ ನಿವೃತ್ತಿ ಹೇಳಿದರು. ಕೆಲವೇ ತಿಂಗಳಲ್ಲಿ ಮುಂಬೈ ಇಂಡಿಯನ್ಸ್ ಅವರನ್ನು ಪ್ರತಿಭಾ ಶೋಧಕರ ತಂಡಕ್ಕೆ ಸೇರಿಸಿಕೊಂಡಿತು. ಹೊಸ ಬೌಲರ್‌ಗಳನ್ನು ಗುರುತಿಸುವ ಆ ಕಣ್ಣಿನ ಬೆಲೆ ಮುಂಬೈ ಫ್ರಾಂಚೈಸಿಗೆ ಗೊತ್ತಾಯಿತು.

ದಾವಣಗೆರೆ, ಹರಿಹರದ ಕ್ರಿಕೆಟ್ ಕ್ಲಬ್ಬುಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇದು. ಕೆಎಸ್‌ಸಿಎ ಮಾನ್ಯತೆ ಪಡೆದ ಕ್ಲಬ್ಬುಗಳಿಗೆ ಸಂಸ್ಥೆಯ ಮಹಾಸಭೆಯಲ್ಲಿ ದನಿಯಿದೆ, ಮತವಿದೆ. ಚುನಾವಣೆ ಬಂದಾಗ ನಿಮ್ಮ ಬಾಗಿಲಿಗೆ ಬರುವವರಿಗೆ ಹಾರ ಹಾಕಿ ಕಳಿಸಬೇಡಿ. ಮುಂದಿನ ಮಹಾಸಭೆಯಲ್ಲಿ ಎದ್ದು ನಿಂತು, ಹತ್ತು ವರ್ಷಗಳಲ್ಲಿ ಯಾರ್ಯಾರಿಗೆ ಎನ್‌ಒಸಿ ಕೊಟ್ಟಿರಿ, ಕೊಡುವ ಮೊದಲು ಯಾರೊಂದಿಗೆ ಕೂತು ಮಾತಾಡಿದಿರಿ ಎಂದು ಕೇಳಿ. ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಿ ಎಂದು ಪಟ್ಟು ಹಿಡಿಯಿರಿ.